ಮಕ್ಕಳ ನೆಗಡಿಗೆ ಅಂಗಡಿಯ ಸಿರಪ್: ಒಂದು ವಿಮರ್ಶೆ

ಮಳೆಗಾಲ ಹಿಡಿಯಿತೆಂದರೆ ಹುಬ್ಬಳ್ಳಿಯ ಕೇಶ್ವಾಪುರದ ಔಷಧಿ ಅಂಗಡಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಒಂದೇ: "ಹುಡುಗಗ ನೆಗಡಿ ಆಗೇತ್ರಿ, ಒಂದು ಛಲೋ ಸಿರಪ್ ಕೊಡ್ರಿ." ಅಂಗಡಿಯವರು "ವಯಸ್ಸು ಎಷ್ಟ್ರಿ?" ಎಂದು ಕೇಳಿ ಕಪಾಟಿನಿಂದ ಒಂದು ಬಾಟಲಿ ತೆಗೆದು ಕೊಡುತ್ತಾರೆ. ವೈದ್ಯರ ಚೀಟಿ ಇರುವುದಿಲ್ಲ. ಮಗುವಿನ ತೂಕ ಎಷ್ಟು, ಅದಕ್ಕೆ ತೊಂದರೆ ಕೊಡುತ್ತಿರುವುದು ಜ್ವರವೋ, ಕಟ್ಟಿದ ಮೂಗೋ, ಕೆಮ್ಮೋ ಎಂಬ ವಿಚಾರಣೆಯೂ ನಡೆಯುವುದಿಲ್ಲ. ಇದು ಕೇಶ್ವಾಪುರದ ಮಾತಷ್ಟೇ ಅಲ್ಲ, ನಾಡಿನ ಹಲವು ಊರುಗಳಲ್ಲೂ ನಡೆಯುವುದು ಹೀಗೆಯೇ. ಆ ಬಾಟಲಿ ತಾನು ಹೇಳಿಕೊಳ್ಳುವ ಕೆಲಸವನ್ನು ನಿಜಕ್ಕೂ ಮಾಡುತ್ತದೆಯೇ? ಪರಿಶೀಲಿಸೋಣ.

ತಾನಾಗಿ ವಾಸಿಯಾಗುವ ರೋಗ

ನೆಗಡಿ ವೈರಸ್‌ಗಳಿಂದ ಬರುವ ರೋಗ. ರೈನೋವೈರಸ್ ಸೇರಿದಂತೆ 200ಕ್ಕೂ ಹೆಚ್ಚು ಬಗೆಯ ವೈರಸ್‌ಗಳು ಇದಕ್ಕೆ ಕಾರಣವಾಗಬಲ್ಲವು. ಚಿಕ್ಕ ಮಗುವಿಗೆ ವರ್ಷದಲ್ಲಿ 6ರಿಂದ 8 ಬಾರಿ ನೆಗಡಿಯಾಗುವುದು ಅಸಹಜವೇನಲ್ಲ. ಮೂಗು ಸೋರುವುದು ಒಂದು ವಾರದಿಂದ ಹತ್ತು ದಿನ, ಕೆಮ್ಮು ಎರಡರಿಂದ ಮೂರು ವಾರ ಇರಬಹುದು. ಯಾವ ಸಿರಪ್ಪೂ ಈ ಅವಧಿಯನ್ನು ಕಡಿಮೆ ಮಾಡುವುದಿಲ್ಲ. ಆ್ಯಂಟಿಬಯೋಟಿಕ್ ಔಷಧಗಳು ವೈರಸ್‌ಗಳ ಮೇಲೆ ಕೆಲಸ ಮಾಡುವುದೇ ಇಲ್ಲ.

ಇಲ್ಲಿ ನಮ್ಮ ತರ್ಕ ದಾರಿ ತಪ್ಪುವುದು ಸುಲಭ. ಮೂರನೆಯ ದಿನ ಸಿರಪ್ ಕೊಟ್ಟೆವು, ಏಳನೆಯ ದಿನ ಮಗು ಗೆಲುವಾಯಿತು, ಆದ್ದರಿಂದ ಸಿರಪ್ ಗುಣ ಮಾಡಿತು ಎಂದು ನಂಬುತ್ತೇವೆ. ಸಿರಪ್ ಕೊಡದಿದ್ದರೂ ಏಳನೆಯ ದಿನ ಮಗು ಗೆಲುವಾಗುತ್ತಿತ್ತಲ್ಲವೇ? ಇದನ್ನು ತಿಳಿಯಲೆಂದೇ ವೈದ್ಯಕೀಯ ಪರೀಕ್ಷೆಗಳಲ್ಲಿ ಕೆಲವು ಮಕ್ಕಳಿಗೆ ಔಷಧವನ್ನೂ ಕೆಲವರಿಗೆ ಔಷಧವಿಲ್ಲದ ಸಿಹಿ ದ್ರವವನ್ನೂ ಕೊಟ್ಟು ಹೋಲಿಸುತ್ತಾರೆ.

ಬಾಟಲಿಯಲ್ಲಿ ಇರುವುದೇನು?

ಮಕ್ಕಳ ನೆಗಡಿ ಸಿರಪ್‌ಗಳ ಲೇಬಲ್ ಓದಿದರೆ ಕೆಲವೇ ಹೆಸರುಗಳು ಮರಳಿ ಮರಳಿ ಕಾಣಿಸುತ್ತವೆ. ಒಂದು, ಫೀನೈಲೆಫ್ರಿನ್. ಮೂಗಿನ ರಕ್ತನಾಳಗಳನ್ನು ಸಂಕುಚಿಸಿ ಕಟ್ಟಿದ ಮೂಗನ್ನು ಬಿಡಿಸಲು ಇದನ್ನು ಸೇರಿಸುತ್ತಾರೆ. ಆದರೆ ಬಾಯಿಯ ಮೂಲಕ ಕೊಟ್ಟಾಗ ಇದರ ಹೆಚ್ಚಿನ ಭಾಗ ಕರುಳಿನಲ್ಲೂ ಯಕೃತ್ತಿನಲ್ಲೂ ನಿಷ್ಕ್ರಿಯವಾಗಿಬಿಡುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹಾ ಸಮಿತಿ, ಬಾಯಿಯಿಂದ ಸೇವಿಸುವ ಫೀನೈಲೆಫ್ರಿನ್ ಮೂಗು ಬಿಡಿಸುವಲ್ಲಿ ಪರಿಣಾಮಕಾರಿಯಲ್ಲವೆಂದು ಒಮ್ಮತದಿಂದ ಅಭಿಪ್ರಾಯಪಟ್ಟಿತು.

ಎರಡು, ಕ್ಲೋರ್‌ಫೆನಿರಮೈನ್. ಇದು ಅಲರ್ಜಿಗೆ ಕೊಡುವ ಔಷಧ. ಮಕ್ಕಳ ನೆಗಡಿಯಲ್ಲಿ ಇದರಿಂದ ಗಮನಾರ್ಹ ಪ್ರಯೋಜನವಾದದ್ದು ಕಂಡುಬಂದಿಲ್ಲ. ಇದು ನಿದ್ದೆ ಬರಿಸುತ್ತದೆ, ಕೆಲವು ಮಕ್ಕಳಲ್ಲಿ ಅದಕ್ಕೆ ಬದಲಾಗಿ ಚಡಪಡಿಕೆಯನ್ನು ಉಂಟುಮಾಡುತ್ತದೆ. ಮಗು ಮಂಪರಿನಲ್ಲಿ ಮಲಗಿದ್ದನ್ನು ನಾವು ಗುಣವೆಂದು ತಿಳಿಯುತ್ತೇವೆ. ಮೂರು, ಕೆಮ್ಮು ತಡೆಯುವ ಡೆಕ್ಸ್‌ಟ್ರೋಮೆಥಾರ್ಫಾನ್. ಮಕ್ಕಳಲ್ಲಿ ಇದೂ ಸಿಹಿ ದ್ರವಕ್ಕಿಂತ ಮೇಲೆಂದು ಸಿದ್ಧವಾಗಿಲ್ಲ.

ನಾಲ್ಕನೆಯದು ಪ್ಯಾರಾಸಿಟಮಾಲ್. ಜ್ವರ ಮತ್ತು ಮೈಕೈ ನೋವಿಗೆ ಇದು ನಿಜಕ್ಕೂ ಉಪಯುಕ್ತ. ಆದರೆ ಅದನ್ನು ಬೇರೆ ಮೂರರ ಜೊತೆ ಬೆರೆಸಿ ಕೊಡುವ ಅಗತ್ಯವೇನು? ಜ್ವರವಿಲ್ಲದ ಮಗುವೂ ಅದನ್ನು ಕುಡಿಯಬೇಕಾಗುತ್ತದೆ. ಜ್ವರವಿರುವ ಮಗುವಿಗೆ ತಾಯಿ ಬೇರೆ ಜ್ವರದ ಸಿರಪ್ ಕೂಡ ಕೊಟ್ಟರೆ ಒಂದೇ ಔಷಧ ಎರಡು ಬಾಟಲಿಗಳಿಂದ ಹೊಟ್ಟೆ ಸೇರುತ್ತದೆ. ಪ್ರಮಾಣ ಮೀರಿದ ಪ್ಯಾರಾಸಿಟಮಾಲ್ ಯಕೃತ್ತಿಗೆ ಹಾನಿಕರ.

ಎಚ್ಚರಿಕೆಗಳು ತಡವಾಗಿಯಾದರೂ ಬಂದಿವೆ. 2008ರಲ್ಲಿ ಅಮೆರಿಕದ ತಯಾರಕರು 4 ವರ್ಷದೊಳಗಿನ ಮಕ್ಕಳಿಗೆ ಇಂಥ ಔಷಧ ಬೇಡವೆಂದು ಲೇಬಲ್ ಬದಲಿಸಿದರು. 2009ರಲ್ಲಿ ಬ್ರಿಟನ್ 6 ವರ್ಷದೊಳಗಿನವರಿಗೆ ಬೇಡವೆಂದಿತು. ಭಾರತದಲ್ಲಿ 2023ರ ಡಿಸೆಂಬರ್‌ನಲ್ಲಿ ಔಷಧ ಮಹಾನಿಯಂತ್ರಕರು, ಕ್ಲೋರ್‌ಫೆನಿರಮೈನ್ ಮತ್ತು ಫೀನೈಲೆಫ್ರಿನ್ ಬೆರೆತ ಹನಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್‌ನಲ್ಲಿ ನಮೂದಿಸಲು ಸೂಚಿಸಿದರು.

ಲೇಬಲ್ ತಿಳಿಸದ ಅಪಾಯ

2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಕೆಮ್ಮು–ನೆಗಡಿಗೆ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಸತ್ತರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ 'ಕೋಲ್ಡ್ರಿಫ್' ಎಂಬ ಆ ಸಿರಪ್ಪಿನ ಮಾದರಿಯಲ್ಲಿ ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಪತ್ತೆಯಾಯಿತು. ಅನುಮತಿಸಿದ ಮಿತಿ ಶೇ. 0.1 ಮಾತ್ರ. ಇದು ಕೈಗಾರಿಕೆಗಳಲ್ಲಿ ಬಳಸುವ ಅಗ್ಗದ ದ್ರಾವಕ. ಸಿರಪ್‌ಗೆ ಬಳಸುವ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ಗಳಂತೆ ಇದೂ ಬಣ್ಣವಿಲ್ಲದ, ಸಿಹಿಯಾದ ದ್ರವ. ಕಚ್ಚಾವಸ್ತುವನ್ನು ಪರೀಕ್ಷಿಸದೆ ಬಳಸಿದರೆ ಬಾಟಲಿಯೊಳಗೆ ಸೇರಿಬಿಡುತ್ತದೆ. 1937ರಲ್ಲಿ ಅಮೆರಿಕದಲ್ಲಿ, 1986ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಗ್ಯಾಂಬಿಯಾದಲ್ಲಿ ಜೀವ ತೆಗೆದದ್ದೂ ಇದೇ ವಿಷ.

ಈ ವಿಷವನ್ನು ಗ್ರಾಹಕರು ನೋಡಿ, ಮೂಸಿ ಕಂಡುಹಿಡಿಯಲಾರರು. ಅಂಗಡಿಯವರೂ ಕಂಡುಹಿಡಿಯಲಾರರು. ಅದನ್ನು ತಡೆಯಬೇಕಾದದ್ದು ತಯಾರಕರು ಮತ್ತು ಸರ್ಕಾರ. ನಮ್ಮ ಕೈಯಲ್ಲಿರುವುದು ಒಂದೇ: ಬೇಡದ ಸಿರಪ್ಪನ್ನು ಕೊಳ್ಳದಿರುವುದು. ಪ್ರಯೋಜನವಿರುವ ಔಷಧಕ್ಕಾಗಿ ಅಲ್ಪ ಅಪಾಯವನ್ನು ಸಹಿಸಬಹುದು. ಪ್ರಯೋಜನವೇ ಇಲ್ಲದಿದ್ದಲ್ಲಿ ಎಷ್ಟೇ ಅಲ್ಪ ಅಪಾಯವೂ ನಷ್ಟವೇ. ಈ ದುರಂತದ ಬಳಿಕ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿ ಔಷಧಗಳನ್ನು ಕೊಡಬಾರದು, 5 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ತಿಳಿಸಿತು.

ಚಮಚದ ಲೆಕ್ಕ

ಪ್ಯಾರಾಸಿಟಮಾಲ್ ಮಾತ್ರವೇ ಇರುವ ಔಷಧವನ್ನು ಆರಿಸಿಕೊಂಡರೂ ಲೆಕ್ಕ ತಪ್ಪಬಾರದು. ಒಂದು ಸಲದ ಪ್ರಮಾಣ ಮಗುವಿನ ತೂಕದ ಪ್ರತಿ ಕಿಲೋಗ್ರಾಂಗೆ 10ರಿಂದ 15 ಮಿ.ಗ್ರಾಂ. ಕನಿಷ್ಠ 4ರಿಂದ 6 ಗಂಟೆಗಳ ಅಂತರವಿರಬೇಕು, ದಿನಕ್ಕೆ 4 ಸಲ ಮೀರಬಾರದು. ನಮ್ಮಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ., 5 ಮಿ.ಲೀ.ಗೆ 250 ಮಿ.ಗ್ರಾಂ. ಇರುವ ಸಿರಪ್‌ಗಳೂ, 1 ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಹನಿ ಔಷಧವೂ ಸಿಗುತ್ತವೆ. 10 ಕಿಲೋಗ್ರಾಂ ತೂಕದ ಮಗುವಿಗೆ 150 ಮಿ.ಗ್ರಾಂ. ಕೊಡಬೇಕೆಂದರೆ ಮೊದಲನೆಯದರಲ್ಲಿ 6 ಮಿ.ಲೀ., ಎರಡನೆಯದರಲ್ಲಿ 3 ಮಿ.ಲೀ., ಹನಿ ಔಷಧದಲ್ಲಿ ಕೇವಲ 1.5 ಮಿ.ಲೀ. ಸಾಕು. "ಕಳೆದ ಸಲ 6 ಮಿ.ಲೀ. ಕೊಟ್ಟಿದ್ದೆವು" ಎಂದು ಹನಿ ಔಷಧವನ್ನು ಅಷ್ಟೇ ಕೊಟ್ಟರೆ ಅದು ನಾಲ್ಕು ಪಟ್ಟು! ಅಡುಗೆಮನೆಯ ಚಮಚ ಅಳತೆಗೆ ಸಲ್ಲದು. ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ಅಥವಾ ಪಿಚಕಾರಿಯನ್ನೇ ಬಳಸಿ. ಮಕ್ಕಳಿಗೆ ಆಸ್ಪಿರಿನ್ ಬೇಡ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತ 2011ರಲ್ಲೇ ನಿಷೇಧಿಸಿದೆ.

ಹಾಗಾದರೆ ಏನು ಮಾಡಬೇಕು?

ಮೂಗು ಕಟ್ಟಿದರೆ ಶೇ. 0.65ರ ಉಪ್ಪುನೀರಿನ ಮೂಗಿನ ಹನಿ ಸಾಕು. ಹಾಲು ಕುಡಿಸುವ ಮೊದಲು, ಮಲಗಿಸುವ ಮೊದಲು ಹಾಕಿದರೆ ಮಗು ಸರಾಗವಾಗಿ ಉಸಿರಾಡುತ್ತದೆ. ಕೆಮ್ಮಿಗೆ, ಒಂದು ವರ್ಷ ದಾಟಿದ ಮಗುವಿಗೆ ಮಲಗುವಾಗ ಅರ್ಧದಿಂದ ಒಂದು ಚಮಚ ಜೇನುತುಪ್ಪ ಕೊಡಬಹುದು. ವರ್ಷ ತುಂಬದ ಮಗುವಿಗೆ ಜೇನು ಖಂಡಿತ ಬೇಡ. ಬೊಟುಲಿಸಂ ಎಂಬ ಗಂಭೀರ ಕಾಯಿಲೆಯ ಅಪಾಯವಿದೆ. ಎದೆಹಾಲು, ಗಂಜಿ, ಬೆಚ್ಚನೆಯ ಸಾರು ಹೆಚ್ಚಾಗಿ ಕೊಡಿ.

ಮನೆಮದ್ದೆಲ್ಲ ನಿರಪಾಯವೆಂದು ಭಾವಿಸಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಹಚ್ಚಬಾರದು. ಕರ್ಪೂರ ಸ್ವಲ್ಪವೇ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ಹಬೆ ಕೊಡಲು ಹೋಗಿ ಕುದಿಯುವ ನೀರು ಮೈಮೇಲೆ ಚೆಲ್ಲಿ ಸುಟ್ಟ ಮಕ್ಕಳೂ ಇದ್ದಾರೆ.

ಇನ್ನು ಕೆಲವು ಲಕ್ಷಣಗಳಿಗೆ ಅಂಗಡಿ ಸಲ್ಲದು, ವೈದ್ಯರೇ ಬೇಕು. ಮಗು ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. 2 ತಿಂಗಳೊಳಗೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಶಂಕಿಸಬೇಕು. ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಸೆಳೆದರೆ, ಮಗು ಹಾಲು ಕುಡಿಯದಿದ್ದರೆ, ತುಂಬಾ ಮಂಕಾದರೆ, ಮೂತ್ರ ಕಡಿಮೆಯಾದರೆ, 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ತಡಮಾಡಬಾರದು.

ಕೊನೆಯದಾಗಿ

ತಾಯಂದಿರನ್ನಾಗಲಿ ಅಂಗಡಿಯವರನ್ನಾಗಲಿ ದೂರಿ ಫಲವಿಲ್ಲ. ರಾತ್ರಿಯಿಡೀ ಕೆಮ್ಮುವ ಮಗುವನ್ನು ಎತ್ತಿಕೊಂಡು ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರಿಗೆ ಸಿರಪ್ ಒಂದು ಆಸರೆಯಂತೆ ಕಾಣುವುದು ಸಹಜ. ಆಕ್ಷೇಪವಿರುವುದು ವ್ಯವಸ್ಥೆಯ ಬಗ್ಗೆ. 1940ರ ಔಷಧ ಕಾಯಿದೆ ಚೀಟಿಯಿಲ್ಲದೆ ಮಾರಬಹುದಾದ ಔಷಧಗಳೆಂಬ ಪ್ರತ್ಯೇಕ ವರ್ಗವನ್ನು ಹೆಸರಿಸಿ ವ್ಯಾಖ್ಯಾನಿಸಲಿಲ್ಲ. ಎಚ್ಚರಿಕೆಗಳು ಸುತ್ತೋಲೆಗಳಲ್ಲಿವೆ, ಲೇಬಲ್‌ನ ಮೇಲೆ ಇದ್ದರೂ ಹೆಚ್ಚಾಗಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿವೆ. "4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು" ಎಂಬ ಒಂದು ಸಾಲು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಇರಲಿ, ಪ್ರತಿ ಔಷಧಿ ಅಂಗಡಿಯಲ್ಲಿ ಮಗುವನ್ನು ತೂಗುವ ಒಂದು ತಕ್ಕಡಿ ಇರಲಿ. ಅಲ್ಲಿಯವರೆಗೆ ನೀವು ಅಂಗಡಿಯಲ್ಲಿ "ಛಲೋ ಸಿರಪ್ ಯಾವುದು?" ಎಂಬುದರ ಬದಲು ಮೂರು ಪ್ರಶ್ನೆ ಕೇಳಿ: ಇದರಲ್ಲಿ ಏನೇನಿದೆ? ನನ್ನ ಮಗುವಿನ ಯಾವ ತೊಂದರೆಗೆ? ಈ ತೂಕಕ್ಕೆ ಎಷ್ಟು ಮಿಲಿಲೀಟರ್? ಉತ್ತರ ಸಿಗದಿದ್ದರೆ ಬಾಟಲಿಯನ್ನು ಅಲ್ಲೇ ಬಿಟ್ಟು ಬನ್ನಿ.