ಜಾರಿದ ಭುಜಪಟ್ಟಿ: ಸಾರ್ಜೆಂಟನ ಚಿತ್ರವೂ ತೆರೆದ ಹೆಗಲಿನ ಉಡುಪೂ

ಕೊರಳಂಚನ್ನು ಭುಜದಿಂದ ಕೆಳಗಿಳಿಸಿ ತೋಳಿನ ಮೇಲ್ಭಾಗದಲ್ಲಿ ನಿಲ್ಲಿಸುವ ಉಡುಪನ್ನು ಇಂದಿನ ಫ್ಯಾಷನ್ ಪರಿಭಾಷೆಯಲ್ಲಿ ‘ಆಫ್ ಶೋಲ್ಡರ್’ ಎನ್ನುತ್ತಾರೆ. ಅದರ ಆಕರ್ಷಣೆ ಮೈ ತೋರುವುದರಲ್ಲಷ್ಟೇ ಇದೆ ಎಂಬ ಸುಲಭ ವಿವರಣೆ ಚಿತ್ರಕಲೆಯ ಇತಿಹಾಸದ ಮುಂದೆ ನಿಲ್ಲುವುದಿಲ್ಲ.

ಜರ್ಮನ್ ಮೂಲದ ಫ್ರಾನ್ಸ್ ವಿಂಟರ್‌ಹಾಲ್ಟರ್ 1855ರಲ್ಲಿ ಚಿತ್ರಿಸಿದ ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿ ಮತ್ತು ಆಕೆಯ ಎಂಟು ಸಖಿಯರ ಭುಜಗಳು ಪೂರ್ತಿ ತೆರೆದಿದ್ದರೂ ಆ ಚಿತ್ರ ಆಸ್ಥಾನದ ಘನತೆಯ ಪ್ರತೀಕವೆಂದೇ ಮನ್ನಣೆ ಪಡೆಯಿತು. ಏಕೆಂದರೆ ಸಂಜೆಯ ಔತಣಕೂಟಕ್ಕೆ ಅದೇ ವಾಡಿಕೆಯ ಉಡುಗೆಯಾಗಿತ್ತು. ಜಾರಿಬೀಳುವಂತೆ ತೋರುವ ಆ ಕುಪ್ಪಸವನ್ನು ತಿಮಿಂಗಿಲದ ಬಾಯಿಂದ ತೆಗೆದ ಬಾಗುವ ಪಟ್ಟಿಗಳನ್ನು ಒಳಗೆ ಹೊಲಿದು ಬಿಗಿಗೊಳಿಸಲಾಗುತ್ತಿತ್ತು, ತೋಳಿನ ಹೊಲಿಗೆಯನ್ನು ಭುಜದ ಕೆಳಗೆ ಇಡುತ್ತಿದ್ದುದರಿಂದ ತೊಟ್ಟವಳು ಕೈಯನ್ನು ಸರಾಗವಾಗಿ ಮೇಲೆತ್ತುವಂತಿರಲಿಲ್ಲ. ನೋಡುವವರಿಗೆ ಸಡಿಲ, ತೊಟ್ಟವಳಿಗೆ ಬಿಗಿ: ಈ ವಿರೋಧವನ್ನು ಹೊಗಳಿಕೆಯ ಬರಹಗಳು ಸಾಮಾನ್ಯವಾಗಿ ಮರೆಯುತ್ತವೆ.

ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ 1884ರ ಪ್ಯಾರಿಸ್ ಸಲೋನಿನಲ್ಲಿ, ಅಂದರೆ ಅಲ್ಲಿನ ಅಧಿಕೃತ ವಾರ್ಷಿಕ ಕಲಾಪ್ರದರ್ಶನದಲ್ಲಿ, ಇಟ್ಟ ‘ಮೇಡಂ ಎಕ್ಸ್’ ಚಿತ್ರದ ಗತಿ ಬೇರೆಯಾಯಿತು. ಅಮೆರಿಕದ ಲೂಸಿಯಾನದಲ್ಲಿ ಹುಟ್ಟಿ ಪ್ಯಾರಿಸ್ಸಿನ ಶ್ರೀಮಂತ ವಲಯದಲ್ಲಿ ಹೆಸರಾಗಿದ್ದ ವರ್ಜಿನಿ ಗೋತ್ರೋ ಅದರಲ್ಲಿ ಕಪ್ಪು ಉಡುಪಿನಲ್ಲಿ ನಿಂತಿದ್ದಾಳೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಭುಜ ಬಿಟ್ಟ ಉಡುಪೇ ಅಲ್ಲ, ಎರಡು ತೆಳು ಪಟ್ಟಿಗಳ ಮೇಲೆ ನಿಂತದ್ದು. ಆದರೆ ಮೂಲ ಚಿತ್ರದಲ್ಲಿ ಬಲಗಡೆಯ ಪಟ್ಟಿ ಹೆಗಲಿನಿಂದ ಜಾರಿ ತೋಳಿನ ಮೇಲೆ ಬಿದ್ದಿತ್ತು. ಯೂಜೆನಿಯ ಸಖಿಯರಿಗೆ ಸಂದ ಮರ್ಯಾದೆ ಗೋತ್ರೋಳಿಗೆ ಸಿಗದೆ ಹೋದದ್ದಕ್ಕೆ ಆಕೆಯ ಬಿಳಿಚಿದ ಮೈಬಣ್ಣವೂ ಒಂದು ಕಾರಣವಾದರೂ, ಮುಖ್ಯ ತಪ್ಪು ಆ ಪಟ್ಟಿಯದೇ ಆಗಿತ್ತು. ಎರಡೂ ಭುಜಗಳು ಸಮನಾಗಿ ತೆರೆದಿದ್ದರೆ ಅದು ನಿಯಮ, ಒಂದು ಮಾತ್ರ ಜಾರಿದರೆ ಅದು ಬಟ್ಟೆ ಕಳಚುವ ಕ್ರಿಯೆಯ ಆರಂಭವೆಂದು ಆ ಕಾಲದ ಕಣ್ಣು ಓದಿತು. ಚಿತ್ರವನ್ನು ಹಿಂತೆಗೆಯಬೇಕೆಂದು ಆಕೆಯ ತಾಯಿ ಸಾರ್ಜೆಂಟನನ್ನು ಬೇಡಿಕೊಂಡಳು.

ಪ್ರದರ್ಶನ ಮುಗಿದ ಮೇಲೆ ಅವನು ಪಟ್ಟಿಯನ್ನು ಭುಜದ ಮೇಲೆ ನೆಟ್ಟಗೆ ಕೂರಿಸಿ ಮತ್ತೆ ಬಣ್ಣ ಬಳಿದನು. ಈ ತಿದ್ದುಪಡಿಯಿಂದ ಚಿತ್ರ ಸಭ್ಯವಾಯಿತೇ ಹೊರತು ಗಟ್ಟಿಯಾಗಲಿಲ್ಲ. ಮೇಜಿನ ಮೇಲೆ ತಿರುಚಿ ಊರಿದ ಬಲಗೈಯೂ ಪಕ್ಕಕ್ಕೆ ಹೊರಳಿದ ಮುಖವೂ ಹುಟ್ಟಿಸುವ ಸೆಳೆತಕ್ಕೆ ಆ ಜಾರುವಿಕೆಯೇ ಉತ್ತರವಾಗಿತ್ತು. ಅದು ಹೋದ ಮೇಲೆ ಭಂಗಿ ಕೊಂಚ ಕಾರಣವಿಲ್ಲದ ಬಿಗುಮಾನದಂತೆ ಕಾಣುತ್ತದೆ. ಫ್ರೆಂಚ್ ನಟಿ ಬ್ರಿಜಿತ್ ಬಾರ್ಡೋಳ ಹೆಸರು ಹೊತ್ತ ಇಪ್ಪತ್ತನೆಯ ಶತಮಾನದ ಕೊರಳ ವಿನ್ಯಾಸವಾಗಲಿ, ಇಂದಿನ ಸಿದ್ಧ ಉಡುಪುಗಳಾಗಲಿ ಜಾರುವುದೋ ನಿಲ್ಲುವುದೋ ಎಂಬ ಇದೇ ಅನಿಶ್ಚಿತತೆಯನ್ನು ಎಲಾಸ್ಟಿಕ್ ಹಾಕಿ ಅಗ್ಗವಾಗಿ ಮಾರುತ್ತವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 1916ರಲ್ಲಿ ಕೊಂಡದ್ದು ತಿದ್ದಿದ ಚಿತ್ರವನ್ನು. ಜಾರಿದ ಪಟ್ಟಿಯನ್ನು ಈಗ ಹಳೆಯ ಛಾಯಾಚಿತ್ರದಲ್ಲಿ ಮಾತ್ರ ನೋಡಬಹುದು.