ಮಾಂಡೆಲ್ಸ್‌ಲೋ ಕಂಡುದು, ಕಾಣದುದು

ಹೋಲ್‌ಸ್ಟೈನಿನ ಡ್ಯೂಕನು ಪಾರಸಿಕ ದೇಶಕ್ಕೆ ಕಳುಹಿದ ರಾಯಭಾರದ ಪರಿವಾರದಲ್ಲಿ ಯೋಹಾನ್ ಆಲ್ಬ್ರೆಕ್ಟ್ ಫಾನ್ ಮಾಂಡೆಲ್ಸ್‌ಲೋ (1616–1644) ಎಂಬ ಜರ್ಮನ್ ತರುಣನಿದ್ದನು. ರಾಯಭಾರಿಗಳು ಇಸ್ಫಹಾನಿನಿಂದ ಹಿಂದಿರುಗಿದಾಗ ಈತನು ಅವರನ್ನು ಬೀಳ್ಕೊಂಡು 1638ರಲ್ಲಿ ಸೂರತ್ತಿಗೆ ಬಂದನು. ಅಹಮದಾಬಾದು, ಆಗ್ರಾಗಳನ್ನು ನೋಡಿದನು. 1639ರ ಜನವರಿಯಲ್ಲಿ ಇಂಗ್ಲಿಷರ ಹಡಗನ್ನೇರಿ, ಗೋವೆಯನ್ನು ಕಂಡು, ಯುರೋಪಿಗೆ ತೆರಳಿದನು.

ಅವನ ಬರಹವನ್ನು ಅಚ್ಚಿಗೆ ಅಣಿಗೊಳಿಸಿದವನು ರಾಯಭಾರದ ಕಾರ್ಯದರ್ಶಿಯಾಗಿದ್ದ ಒಲಿಯಾರಿಯಸ್. ಅಷ್ಟರಲ್ಲಿಯೇ ನಿಂತಿದ್ದರೆ ತೊಡಕಿರಲಿಲ್ಲ. 1659ರಲ್ಲಿ ಫ್ರೆಂಚಿಗೆ ತಂದ ವಿಕ್‌ಫೋರನು ಪರರ ಗ್ರಂಥಗಳಿಂದ ಬೇಕಾದಷ್ಟು ತುಂಬಿ ಪುಸ್ತಕವನ್ನು ಉಬ್ಬಿಸಿದನು. 1662ರ ಇಂಗ್ಲಿಷ್ ಅನುವಾದವು ಅವನನ್ನೇ ಹಿಂಬಾಲಿಸಿತು. ಇದರಿಂದಾಗಿ ಮಾಂಡೆಲ್ಸ್‌ಲೋ ಕಾಲಿಡದ ಜಪಾನೂ ಅವನ ಪ್ರವಾಸದೊಳಗೆ ಸೇರಿತು. ಗೋವೆಯಿಂದ ವಿಜಾಪುರಕ್ಕೆ ಹೋಗುವ ದಾರಿಯೂ ಸೇರಿತು!

ಈ ಕಡೆಯದು ನಮಗೆ ಸಂಬಂಧಿಸಿದ್ದು. ಆದಿಲಶಾಹಿಯ ಕಾಲದ ನಮ್ಮ ಊರುಗಳನ್ನು ಕಂಡು ಬರೆದ ಜರ್ಮನ್ ಸಾಕ್ಷಿಯೆಂದು ಅದನ್ನು ಎತ್ತಿಕೊಳ್ಳುವ ಆಸೆ ಯಾರಿಗೂ ಸಹಜ. ಆದರೆ ಸಮುದ್ರದ ಮೇಲೆ ಬಂದು ಸಮುದ್ರದ ಮೇಲೆಯೇ ಹೋದವನು ಘಟ್ಟವನ್ನು ಹತ್ತಿದುದು ಯಾವಾಗ? ಸೂರತ್ತಿನ ಕೋಠಿಯಲ್ಲಿ ಇಂಗ್ಲಿಷರೊಡನೆ ಚಹಾ ಕುಡಿದುದನ್ನು ಹೇಳುವಾಗ ಅವನ ದನಿ ಕೇಳುತ್ತದೆ. ಇಸ್ಫಹಾನಿನ ಜಗಳದಲ್ಲಿ ತನ್ನ ಕೈಯಿಂದ ಸತ್ತವನ ಬಂಧುವೊಬ್ಬನು ಆಗ್ರಾದಲ್ಲಿ ಗುರುತು ಹಿಡಿದಾಗ, ಅಲ್ಲವೆಂದು ಸಾಧಿಸಿ ಊರು ಬಿಟ್ಟ ಪ್ರಸಂಗದಲ್ಲಂತೂ ಅವನ ಎದೆಬಡಿತವೇ ಕೇಳುತ್ತದೆ. ವಿಜಾಪುರದ ದಾರಿಯಲ್ಲಿ ಇರುವುದು ಊರುಗಳ ಪಟ್ಟಿ, ನಡೆದ ಮನುಷ್ಯನಿಲ್ಲ.

ಆ ಪಟ್ಟಿ ನಿರುಪಯುಕ್ತವೆಂದು ನನ್ನ ಮಾತಲ್ಲ. ಸ್ಥಳನಾಮ ಶೋಧಿಸುವವರು ಅದನ್ನು ಬಳಸಬಹುದು. ಮಾಂಡೆಲ್ಸ್‌ಲೋನ ಹೆಸರಿನಲ್ಲಿ ಮಾತ್ರ ಬೇಡ. ಪಶ್ಚಿಮ ಭಾರತದಲ್ಲಿ ಅವನು ಸಂಚರಿಸಿದ ಭಾಗಕ್ಕೆ ಕೊಮಿಸರಿಯಟ್ ಅವರು 1931ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಮೊದಲು ನೋಡುವುದು ಒಳಿತು.