ಮೊದಲ ಅಚ್ಚಿನ ತಟ್ಟೆ: ಹೊಸ ರಸಿಕರಿಗೊಂದು ಕೈಪಿಡಿ

ತೆಲಿಗಿ, ಕೊಟ್ಟೂರು, ಹಡಗಲಿ ಕಡೆಯ ಹಳೆಯ ಮಾಳಿಗೆ ಮನೆಗಳ ಅಟ್ಟದಲ್ಲೋ, ಮದುವೆ-ಜಾತ್ರೆಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದವರ ಹಳೆಯ ಟ್ರಂಕಿನಲ್ಲೋ ಗ್ರಾಮಫೋನ್ ಪ್ಲೇಟು ಈಗಲೂ ಸಿಕ್ಕೀತು. ಸಿಕ್ಕಾಗ ಅದನ್ನು ಗುಜರಿಗೆ ಹಾಕುವ ಮುನ್ನ ಕೈಗೆತ್ತಿಕೊಂಡು ನೋಡುವವರು ಬೇಕು. ಅಂಥವರಾಗಬೇಕೆಂಬ ಆಸೆ ನಿಮಗಿದ್ದರೆ ಈ ಬರಹ ನಿಮಗಾಗಿ.

ಹಾಡೆಲ್ಲ ಮೊಬೈಲಿನಲ್ಲೇ ಸಿಗುವಾಗ ಹಳೆಯ ತಟ್ಟೆ ಯಾಕೆ ಎಂದು ಕೇಳುವವರಿದ್ದಾರೆ. ಅವರಿಗೊಂದು ಉದಾಹರಣೆ: ಥ್ರ್ಯಾಶ್ ಮೆಟಲ್ ಎಂಬ ಪಾಶ್ಚಾತ್ಯ ರಾಕ್ ಸಂಗೀತದ ರಸಿಕರು ಮೆಟಾಲಿಕಾ ತಂಡದ ‘ಕಿಲ್ ಎಮ್ ಆಲ್’ ಆಲ್ಬಮ್ಮಿಗೆ ಮೆಗಾಫೋರ್ಸ್ ಕಂಪನಿ 1983ರಲ್ಲಿ ಹೊರಡಿಸಿದ ಮೊದಲ ಅಚ್ಚನ್ನೇ ಹುಡುಕುತ್ತಾರೆ. 1988ರಲ್ಲಿ ಎಲೆಕ್ಟ್ರಾ ಕಂಪನಿ ಅದನ್ನು ಮತ್ತೆ ತಂದಾಗ ಇನ್ನೆರಡು ಹಾಡು ಸೇರಿಸಿತು. ಅಂದಿನ ಕೇಳುಗರ ಕಿವಿಗೆ ಬಿದ್ದದ್ದು ಏನು ಎಂಬುದು ಬೇಕಿದ್ದವರಿಗೆ ಮೊದಲಿನದೇ ಬೇಕು. ನಮ್ಮ ಸಂಗೀತಕ್ಕೂ ಇದೇ ಮಾತು ಸಲ್ಲುತ್ತದೆ.

ತಟ್ಟೆಯ ಹುಟ್ಟು

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆಗ ಇಲ್ಲಿ ಹಾಡಿಸಿ, ತಟ್ಟೆಯನ್ನು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚು ಹಾಕಿಸಿ ತರುತ್ತಿದ್ದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಬಂತು, 1920ರ ದಶಕದ ಕೊನೆಗೆ ಅದು ಡಂಡಂಗೆ ಹೋಯಿತು. ಲೇಬಲ್ಲಿನ ಮೇಲೆ ಹ್ಯಾನೋವರ್ ಎಂದಿದೆಯೋ ಡಂಡಂ ಎಂದಿದೆಯೋ ನೋಡಿದರೆ ತಟ್ಟೆಯ ಕಾಲ ಅರ್ಧ ಗೊತ್ತಾದಂತೆ.

ನಿಮಿಷಕ್ಕೆ 78 ಸುತ್ತು ತಿರುಗುವ 78ರ ತಟ್ಟೆ ಪ್ಲಾಸ್ಟಿಕ್ಕಿನದಲ್ಲ. ಅರಗು, ಕಲ್ಲಿನ ಪುಡಿ ಮತ್ತು ಮಸಿ ಕಲಸಿ ಒತ್ತಿದ್ದು. ಕೈಗೆ ಭಾರ, ಬಿದ್ದರೆ ಚೂರು. ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. ಆಮೇಲೆ ಬಂದ ಎಲ್‌ಪಿ, ಇಪಿಗಳು ವಿನೈಲಿನವು: ಹಗುರ, ಸ್ವಲ್ಪ ಬಾಗುತ್ತವೆ. ಎಲ್‌ಪಿ ನಿಮಿಷಕ್ಕೆ ಮೂವತ್ಮೂರು ಸುತ್ತು ಚಿಲ್ಲರೆ ತಿರುಗಿದರೆ, ಚಿಕ್ಕ ಇಪಿ ಸಾಮಾನ್ಯವಾಗಿ 45 ಸುತ್ತು ತಿರುಗುತ್ತದೆ.

ಲೇಬಲ್ ಓದುವುದು

ತಟ್ಟೆಯನ್ನು ಅಂಚು ಹಿಡಿದು ಬೆಳಕಿಗೆ ಓರೆಯಾಗಿ ತಿರುಗಿಸಿ. ಬೂದು ಬಣ್ಣಕ್ಕೆ ತಿರುಗಿದ ಗೆರೆಗಳು ಕಂಡರೆ ಉಕ್ಕಿನ ಪಿನ್ನು ಅದನ್ನು ತಿಂದಿದೆ ಎಂದರ್ಥ. ಮೇಲುಮೇಲಿನ ಗೀರಿಗೆ ಹೆದರಬೇಡಿ, ಅದು ಚಿಟಪಟ ಎನ್ನುತ್ತದೆ ಅಷ್ಟೆ. ಅಂಚಿನಿಂದ ಒಳಕ್ಕೆ ಓಡಿದ ಕೂದಲೆಳೆಯ ಬಿರುಕಿಗೆ ಮಾತ್ರ ಹೆದರಿ.

ಆಮೇಲೆ ಲೇಬಲ್. ಹಾಡಿದವರ ಹೆಸರು, ರಾಗ, ಭಾಷೆ, ಕಂಪನಿಯ ಕ್ರಮಸಂಖ್ಯೆ. ಗ್ರಾಮಫೋನ್ ಕಂಪನಿಯ ಎಚ್‌ಎಂವಿ ಲೇಬಲ್ಲಿನ ಎನ್ ಅಕ್ಷರದ ಕ್ರಮಸಂಖ್ಯೆಗಳು ನಮ್ಮಲ್ಲಿ ಹೆಚ್ಚು ಕಾಣಸಿಗುತ್ತವೆ. ಎಲ್‌ಪಿಯಾದರೆ ಇಎಎಲ್‌ಪಿ ಎಂದಿದ್ದದ್ದು ಮೋನೊ, ಇಎಎಸ್‌ಡಿ ಎಂದಿದ್ದದ್ದು ಸ್ಟೀರಿಯೊ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ಖಾಲಿ ಜಾಗದಲ್ಲಿ ಇನ್ನೊಂದು ಸಂಖ್ಯೆ ಕೊರೆದಿರುತ್ತದೆ. ಅದೇ ಮೂಲ ಅಚ್ಚಿನ ಗುರುತು. ಲೇಬಲ್ ಹರಿದರೂ ಬಣ್ಣ ಮಾಸಿದರೂ ಅದು ಉಳಿಯುತ್ತದೆ. ಆ ಎರಡು ಸಂಖ್ಯೆಗಳನ್ನೂ ಬರೆದಿಟ್ಟುಕೊಳ್ಳುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಒಂದು ತಟ್ಟೆ ಕೇಳುವ ಬಗೆ

1930ರ ದಶಕದಲ್ಲಿ ಎಚ್‌ಎಂವಿ ಹೊರತಂದ ಕೆಲವು ತಟ್ಟೆಗಳ ಮೇಲೆ ಗಾಂಧಾರಿ ಎಂಬ ಹೆಸರಿದೆ. ಅವರೇ ಮುಂದೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರೆಂದು ನಾಡಿಗೆಲ್ಲ ಗೊತ್ತಾದವರು. ಗಾಯಕ ಜಿ.ಎನ್. ಜೋಶಿಯವರ ಜತೆ ಅವರು ಹಾಡಿದ ಮರಾಠಿ ಭಾವಗೀತೆಯ ತಟ್ಟೆಯೂ ಉಂಟು. ನಾವು ಆಕಾಶವಾಣಿಯಲ್ಲಿ ಕೇಳಿ ಬೆಳೆದ ಗಂಗೂಬಾಯಿಯವರ ದನಿ ಗಂಡುದನಿಯಷ್ಟು ಗಡುಸು. ಗಂಟಲಿನ ಚಿಕಿತ್ಸೆಯ ಬಳಿಕ ಅವರ ದನಿ ಹಾಗಾಯಿತು. ಈ ತಟ್ಟೆಗಳಲ್ಲಿರುವುದು ಅದಕ್ಕೂ ಮುಂಚಿನ ಎಳೆಯ, ಚೂಪಾದ ಹೆಣ್ಣುದನಿ. ಅಂದಿನ ಆ ದನಿಯನ್ನು ಹಿಡಿದಿಟ್ಟ ಸಾಕ್ಷಿ ಈ ತಟ್ಟೆಗಳೇ.

ಕೇಳುವ ಮುನ್ನ ವೇಗ ಸರಿಮಾಡಿ. ತಟ್ಟೆಯ ಅಂಚಿನಡಿ ಒಂದು ಕಾಗದದ ಚೂರು ಸಿಕ್ಕಿಸಿ, ಅರ್ಧ ನಿಮಿಷಕ್ಕೆ ಎಷ್ಟು ಸಲ ಸುತ್ತಿ ಬರುತ್ತದೆಂದು ಎಣಿಸಿ. 39 ಬಂದರೆ ಸರಿ. ವೇಗ ಹೆಚ್ಚಿದರೆ ಯಾರ ದನಿಯಾದರೂ ತೆಳುವಾಗುತ್ತದೆ, ಆಗ ಎಳೆತನ ಯಾವುದು, ಯಂತ್ರದ ತಪ್ಪು ಯಾವುದು ಎಂಬುದೇ ತಿಳಿಯುವುದಿಲ್ಲ.

ಮೊದಲ ಸಲ ದನಿಯನ್ನಷ್ಟೇ ಕೇಳಿ. ಎರಡನೇ ಸಲ ಕಾಲದ ಲೆಕ್ಕ ಇಡಿ: ಕಛೇರಿಯಲ್ಲಿ ಮುಕ್ಕಾಲು ಗಂಟೆ ಹಿಡಿಯುವ ರಾಗವನ್ನು ಮೂರು ನಿಮಿಷಕ್ಕೆ ಹೇಗೆ ಕಟ್ಟಿದ್ದಾರೆ? ಆಲಾಪಕ್ಕೆ ಒಂದೆರಡು ಉಸಿರು, ನೇರ ಚೀಜು (ಹಾಡಿನ ರಚನೆ), ತಬಲಾ ದ್ರುತಕ್ಕೆ ಏರುವಷ್ಟರಲ್ಲಿ ತಾನುಗಳು, ಮತ್ತೆ ಮುಖಡಾಕ್ಕೆ (ಚೀಜಿನ ಮೊದಲ ತುಣುಕಿಗೆ) ಬಂದು ನಿಲುಗಡೆ. ಬೇಡದ್ದೆಲ್ಲ ಬಿಟ್ಟು ರಾಗದ ಜೀವವನ್ನಷ್ಟೇ ಇಟ್ಟುಕೊಂಡ ಜಾಣ್ಮೆ ಅದು. ಮೂರನೇ ಸಲ ಹಿಂಬದಿ ಹಾಕಿ. ಎರಡೂ ಬದಿ ಕೇಳದೆ ಒಂದು ತಟ್ಟೆಯ ಬಗ್ಗೆ ಮಾತಾಡಬಾರದು.

ಹೀಗೆ ಕೇಳಿ ಪಳಗಿದ ಕಿವಿ ಮಲ್ಲಿಕಾರ್ಜುನ ಮನ್ಸೂರರ ಎಚ್‌ಎಂವಿ ತಟ್ಟೆಗಳಿಗೆ ಹೋಗಲಿ. ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಬೆಳೆದು ಖ್ಯಾಲಿಗೆ ಬಂದವರು ಅವರು. ಆಮೇಲೆ ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ತಟ್ಟೆಗಳಿಗೆ ಬರಲಿ. ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಡುವಂತೆ ಮಾಡಿದ್ದು ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ತಟ್ಟೆ. ಒಂದು ತಟ್ಟೆ ಅಷ್ಟು ಕೆಲಸ ಮಾಡಿದೆ.

ಕಾಪಾಡುವುದು

ನಮ್ಮ ಸೀಮೆಯ ಬಿಸಿಲೇ ತಟ್ಟೆಗಳ ದೊಡ್ಡ ಶತ್ರು. ತಗಡಿನ ಮಾಡಿನ ಕೆಳಗೆ ಬೇಸಗೆ ಕಳೆದ ತಟ್ಟೆ ಹಪ್ಪಳದ ಹಾಗೆ ಡೊಂಕಾಗುತ್ತದೆ. ಒಂದರ ಮೇಲೊಂದು ಪೇರಿಸದೆ, ಪುಸ್ತಕ ನಿಲ್ಲಿಸಿದಂತೆ ನೆಟ್ಟಗೆ, ತಂಪಾದ ಒಳಕೋಣೆಯಲ್ಲಿ ಇಡಿ. 78ರ ತಟ್ಟೆಗೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಅರಗು ಕರಗುತ್ತದೆ. ಸೌಮ್ಯ ಸಾಬೂನು ಬೆರೆಸಿದ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ, ಲೇಬಲ್ ನೆನೆಯದಂತೆ, ಗೆರೆಗಳ ಗುಂಟ ಒರೆಸಿ ನೆರಳಲ್ಲಿ ಒಣಗಿಸಿ.

ಕೀಲಿ ಕೊಡುವ ಪೆಟ್ಟಿಗೆಯಿದ್ದರೆ ಪ್ರತಿ ಬದಿಗೂ ಹೊಸ ಉಕ್ಕಿನ ಪಿನ್ನು ಹಾಕಿ. ಆ ಪೆಟ್ಟಿಗೆಯಲ್ಲಿ ಎಲ್‌ಪಿ ಹಾಕಿದರೆ ಒಂದೇ ಸಲಕ್ಕೆ ಹಾಳು. ವಿದ್ಯುತ್ ಪ್ಲೇಯರಿನಲ್ಲಿ 78 ಕೇಳುವುದಾದರೆ ದಪ್ಪ ಮೊನೆಯ ಬೇರೆ ಮುಳ್ಳು ಬೇಕು. ಎಲ್‌ಪಿಯ ಸಣ್ಣ ಮೊನೆ ಅಗಲ ಗೆರೆಯ ತಳಕ್ಕೆ ಕೂತು ಬರೀ ಗೊರಗೊರ ಸದ್ದನ್ನೇ ಎತ್ತುತ್ತದೆ.

ಕೊಳ್ಳುವ ಮುನ್ನ

ಬೆಂಗಳೂರಿನ ಸಂಡೆ ಬಜಾರು ಇದೆ, ಹುಬ್ಬಳ್ಳಿ, ದಾವಣಗೆರೆಯ ಗುಜರಿ ಅಂಗಡಿಗಳಿವೆ. ನಿಮ್ಮೂರಿನ ಹಿರಿಯರ ಮನೆಗೇ ಮೊದಲು ಹೋಗಿ. ‘ಅಜ್ಜಾರ, ಹಳೇ ಪ್ಲೇಟು ಏನರ ಅದಾವೇನ್ರಿ?’ ಎಂದು ಕೇಳಿ. ಸಿಕ್ಕರೆ ಅವರೆದುರೇ ಹಾಕಿ ಕೇಳಿಸಿ, ಮೊಬೈಲಿಗೆ ಇಳಿಸಿ ಮನೆಯವರಿಗೂ ಒಂದು ಪ್ರತಿ ಕೊಡಿ. ಕೊಡಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಅಲ್ಲೇ ಚೆನ್ನಾಗಿ ಉಳಿಯುವ ತಟ್ಟೆ ನಿಮ್ಮ ಕಪಾಟಿಗೆ ಬರಬೇಕೆಂದೇನೂ ಇಲ್ಲ.

ಸಿಕ್ಕ ತಟ್ಟೆಗೆ ಒಂದು ಪುಟ ಮೀಸಲಿಡಿ: ಎರಡೂ ಸಂಖ್ಯೆ, ಯಾವ ಊರು, ಯಾರ ಮನೆ, ಯಾರು ಯಾವಾಗ ತಂದದ್ದು, ಮನೆಯಲ್ಲಿ ಯಾವ ಬದಿ ಹೆಚ್ಚು ಕೇಳುತ್ತಿದ್ದರು. ನಮ್ಮ ತಾಲೂಕುಗಳಲ್ಲಿ ಯಾರು ಏನನ್ನು ಕೇಳಿದರು ಎಂಬ ಚರಿತ್ರೆಯನ್ನು ಬೇರೆ ಯಾರೂ ಬಂದು ಬರೆದುಕೊಡುವುದಿಲ್ಲ. ಅಂಥ ಹತ್ತು ಪುಟ ತುಂಬಿಸಿದವರ ಬಳಿ ಹತ್ತೇ ತಟ್ಟೆ ಇದ್ದರೂ ಅದು ಸಂಗ್ರಹವೇ.